ನಾಲ್ಕು ಬರಬೇಕಿತ್ತು

ಎಪ್ಪತ್ತರ ದಶಕದಲ್ಲಿ, ನರಸೀಪುರದ ನಮ್ಮ ಪಕ್ಕದ ಮನೆಯಲ್ಲಿ ಹಡಗಿನಲ್ಲಿ ಅಡುಗೆ ಮಾಡಿ ಬಂದವರೊಬ್ಬರಿದ್ದರು. ಸಂಜೆ ಹೊಳೆಯ ಮರಳಿನ ಮೇಲೆ ಟವೆಲ್ ಹಾಸಿ, ಹೊರದೇಶದ ಕ್ಯಾಸಿನೊಗಳ ಎರಡು ದಾಳಗಳ ಆಟವನ್ನು ನಮಗೆ ಕಲಿಸುತ್ತಿದ್ದರು. ಪಣಕ್ಕೆ ಹುಣಸೆಬೀಜ. ಮೊದಲ ಎಸೆತಕ್ಕೆ ಎರಡೂ ಸೇರಿ ಏಳೋ ಹನ್ನೊಂದೋ ಬಿದ್ದರೆ ಗೆಲುವು. ಎರಡು, ಮೂರು, ಹನ್ನೆರಡಕ್ಕೆ ಸೋಲು. ಬೇರೆ ಯಾವ ಸಂಖ್ಯೆ ಬಿದ್ದರೂ, ಏಳು ಬೀಳುವ ಮೊದಲು ಅದೇ ಮತ್ತೆ ಬೀಳಬೇಕು; ಏಳು ಬಿದ್ದರೆ ಸೋಲು. ದಾಳವನ್ನು ಕಿವಿಯ ಹತ್ತಿರ ಕುಲುಕಿ, ಕಣ್ಣು ಮುಚ್ಚಿ ಎಸೆದು, "ಕೈ ಬುಟ್ಮೇಲೆ ನಮ್ದಲ್ಲ ಕಣಪ್ಪ" ಎನ್ನುತ್ತಿದ್ದರು.

ಹೆಂಡತಿಯನ್ನು ಆಪರೇಷನ್ನಿಗೆ ಮೈಸೂರಿಗೆ ಕರೆದೊಯ್ಯುವ ಹಿಂದಿನ ಸಂಜೆ, ಎಂದೂ ದಾಳ ಮುಟ್ಟದ ಆಕೆ ನಗುತ್ತಾ ಎಸೆದರು. ನಾಲ್ಕು ಬಿತ್ತು.

"ಒಳ್ಳೇದಾ ಇದು?" ಎಂದು ಗಂಡನನ್ನು ಕೇಳಿದರು.

ಏಳು ಬೀಳುವುದಕ್ಕೆ ಆರು ದಾರಿ, ನಾಲ್ಕಕ್ಕೆ ಮೂರೇ ಎಂದು ನಮಗೆ ಹೇಳಿಕೊಟ್ಟವರೇ ಅವರು. ತಮ್ಮ ಬೀಜವನ್ನೆಲ್ಲ ಆಕೆಯ ಗೆಲುವಿಗೆ ಸುರಿದರು. ನೀರಿನ ಮೇಲೆ ಕೊನೆಯ ಬೆಳಕು ತೇಲುತ್ತಿತ್ತು. ಆಕೆ ಮತ್ತೆ ದಾಳ ಎತ್ತಿದಾಗ, ಆ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಗ ಬ್ಯಾಡ ಕಣಮ್ಮಿ. ವಾಪಸ್ ಬಂದ್ಮೇಲೆ ಆಕುವಂತೆ."

ಕತ್ತಲಾಗುವವರೆಗೂ ಆ ಕೈ ಬಿಡಲಿಲ್ಲ.