ನೋವಿಲ್ಲ ಎಂದರೂ ನಂಬದ ಡಾಕ್ಟರ್‌ಬಾಯಿ

ಡಾಕ್ಟರ್‌ಬಾಯಿಯ ಎಡ ಮುಂಗೈ ಮೇಲೆ ರೂಪಾಯಿ ಅಗಲದ ಕೆಂಪು ಗುರುತೊಂದು ಸದಾ ಇರುತ್ತಿತ್ತು. ಇಸಿಜಿ ಯಂತ್ರದ ರಬ್ಬರ್ ಬುಗ್ಗೆಯನ್ನು ರೋಗಿಯ ಎದೆಗೆ ಅಂಟಿಸುವ ಮೊದಲು ತಮ್ಮ ಕೈಗೇ ಅಂಟಿಸಿ ಹಿಡಿತ ನೋಡುತ್ತಿದ್ದರು. ಬಾಗಲಕೋಟೆಯ ಆ ದವಾಖಾನೆಯಲ್ಲಿ ಹೊಟ್ಟೆ ಕೊಯ್ಯಲಿ, ಕಾಲು ಕೊಯ್ಯಲಿ, ವಯಸ್ಸಾದವರಿದ್ದರೆ ಆಪರೇಷನ್ನಿಗೆ ಮುಂಚೆಯೂ ಆಮೇಲೂ ಅವರ ಇಸಿಜಿ ಪೆಟ್ಟಿಗೆ ಹಾಜರು. ಸರ್ಜನ್ನರಿಗೆ ಇದು ಅತಿರೇಕ ಅನ್ನಿಸುತ್ತಿತ್ತು.

"ಆರಾಮ ಅದೀರೇನು?" ಎಂದು ಮಾತ್ರ ಅವರು ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆಯ ಮಂದಿ ಪ್ರಾಣ ಹೋಗುತ್ತಿದ್ದರೂ ಅದಕ್ಕೆ "ಆರಾಮ್ರಿ" ಎಂದೇ ಹೇಳುತ್ತಾರೆ ಎಂಬುದು ಅವರ ತಕರಾರು. ಬದಲಿಗೆ, ಎಷ್ಟು ರೊಟ್ಟಿ ಉಂಡಿರಿ ಎಂದು ಕೇಳಿ ಮುಖ ನೋಡುತ್ತ ನಿಲ್ಲುತ್ತಿದ್ದರು.

ಹುನಗುಂದದಲ್ಲಿ ಮಾಸ್ತರನಾಗಿದ್ದ ನಮ್ಮಪ್ಪ ಹರ್ನಿಯಾ ಆಪರೇಷನ್ ಆದ ಮೂರನೆಯ ದಿನಕ್ಕೇ ಮನೆಗೆ ಹೋಗುವ ಹಟ ಹಿಡಿದ. ಹೊಲಿಗೆ ಊರಲ್ಲೇ ಬಿಚ್ಚಿಸಿ ಎಂದು ಸರ್ಜನ್ನರೂ ಒಪ್ಪಿದರು. ಕಾಕಾ ಜೀಪು ತಂದು ನಿಲ್ಲಿಸಿದ್ದ. ಅಷ್ಟರಲ್ಲಿ ಡಾಕ್ಟರ್‌ಬಾಯಿ ಬಂದರು. ಅಪ್ಪ ಎಂದಿನಂತೆ ತಾನು ಆರಾಮ ಅಂದ. ಆದರೆ ಮುಂಜಾನೆಯ ಚಹಾ ಹಾಗೇ ಇತ್ತು, ಥಂಡಿಯಲ್ಲೂ ಕತ್ತು ಬೆವರಿತ್ತು. ಅವರು ಪೆಟ್ಟಿಗೆ ತೆರೆದರು. ಎದೆನೋವೇ ಇಲ್ಲದವನಿಗೆ ಇದೆಲ್ಲ ಯಾಕೆ ಎಂದು ಕಾಕಾ ಸಿಡುಕಿದ. ಸರ್ಜನ್ನರು ನಕ್ಕರು.

ಹೊರಬಂದ ಕಾಗದದ ಪಟ್ಟಿಯನ್ನು ಬಾಯಿ ಹಳೆಯ ಪಟ್ಟಿಯ ಪಕ್ಕ ಹಾಸಿಗೆಯ ಮೇಲೆ ಹಾಸಿದರು. ಸರ್ಜನ್ನರ ನಗು ನಿಂತಿತು. ಆ ಗೆರೆಗಳು ನನಗೆ ಒಂದೂ ತಿಳಿಯಲಿಲ್ಲ, ಸರ್ಜನ್ನರ ಮುಖ ನೋಡಿ ಅಪ್ಪನ ಮಂಚದ ಹತ್ತಿರ ಸರಿದೆ.

"ಹಾರ್ಟಿನ ಮಾಂಸಕ್ಕ ಪೆಟ್ಟು ಬಿದ್ದದ, ಮಾಸ್ತರ. ಆಪರೇಷನ್ ನೋವಿಗೆ ಸೂಜಿ ಮಾಡೀವಲ್ಲ, ಅದಕ್ಕ ನಿಮಗ ಗೊತ್ತಾಗಿಲ್ಲ. ಈಗ ಜೀಪ ಹತ್ತಿದ್ರ ನೀವು ಹುನಗುಂದ ಮುಟ್ಟೂದಿಲ್ಲ" ಎಂದರು ಬಾಯಿ.

ಕಾಕಾ ಮಾತೆತ್ತುವಷ್ಟರಲ್ಲಿ ಅವರೇ ಹೊರಗೆ ಹೋಗಿ ಜೀಪನ್ನು ವಾಪಸು ಕಳಿಸಿದರು. ಸಂಜೆ ಅಪ್ಪನಿಗೆ ಉಸಿರು ಕಟ್ಟಿತು. ಬಾಯಿ ಪಕ್ಕದಲ್ಲೇ ಸ್ಟೂಲು ಹಾಕಿ ಕುಳಿತಿದ್ದರು. ಆಕ್ಸಿಜನ್, ಸೂಜಿ ಎಲ್ಲ ಕೈಗೆ ಸಿಗುವಂತಿತ್ತು. ನಾನು ಗೋಡೆ ಹಿಡಿದು ಅಪ್ಪನ ಎದೆಯನ್ನೇ ನೋಡುತ್ತಿದ್ದೆ. ಇಳಿದದ್ದು ಮತ್ತೆ ಏರುತ್ತದೋ ಇಲ್ಲವೋ ಎಂದು ಭಾಳ ಅಂಜಿದ್ದೆ. ಉಸಿರು ಹದಕ್ಕೆ ಬಂದ ಮೇಲೂ ಅವರು ಏಳಲಿಲ್ಲ. ಹೋಗಿ ಏನಾದರೂ ತಿಂದು ಬಾ ಎಂದು ನನ್ನನ್ನು ಗದರಿಸಿದರು.

ಅಪ್ಪ ಬದುಕಿದ. ಭಾರ ಎತ್ತಬಾರದೆಂಬ ಅವರ ಅಪ್ಪಣೆಯನ್ನು ವರ್ಷಗಟ್ಟಲೆ ಪಾಲಿಸಿದ. ನೀರಿನ ಕೊಡ ಸಹ ಮುಟ್ಟದೆ ಅವ್ವನಿಂದ ಬೈಸಿಕೊಂಡ.

ಎಂಬತ್ತರ ದಶಕದ ಕೊನೆಗೆ ಬಾಯಿ ತೀರಿಕೊಂಡರು. ಅಪ್ಪನೂ ನಾನೂ ಬಾಗಲಕೋಟೆಗೆ ಹೋದೆವು. ಎತ್ತುವ ಹೊತ್ತಿಗೆ ಅಪ್ಪ ಟವೆಲ್ ಮಡಚಿ ಹೆಗಲ ಮೇಲಿಟ್ಟುಕೊಂಡು ಮುಂದಾದ. ನಾನು ತೋಳು ಹಿಡಿದು, ಬಾಯಿ ಏನು ಹೇಳಿದ್ದರೆಂದು ನೆನಪಿಸಿದೆ.

"ಇವತ್ತೊಂದಿನ ಅವರ ಮಾತು ಮೀರ್ತೇನಿ, ಬಿಡು" ಎಂದು ಚಟ್ಟಕ್ಕೆ ಹೆಗಲು ಕೊಟ್ಟ.