ತಂಗಿಯ ಕೈಗುಣ

ನಾಯಿಮರಿಗೆ ಎರಡನೇ ಸೂಜಿ ಹಾಕಿಸಿಕೊಂಡು ಬರುತ್ತೇನೆಂದು ಹೇಳಿ ಹೋದವಳು ನಾನು. ಹಾಕಿಸಲಿಲ್ಲ. ಆಸ್ಪತ್ರೆಯ ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಮನೆಯಲ್ಲಿ ಹಾಕಿಸಿದೆ ಎಂದೆ. ಮರಿ ಸತ್ತಿತು. ಅದು ತನ್ನ ಕೈಯಿಂದಲೇ ಸತ್ತಿತೆಂದು ನನ್ನ ತಂಗಿ ಒಂಬತ್ತು ವರ್ಷ ನಂಬಿದ್ದಳು. ನಾನು ಹಾಗೇ ನಂಬಲು ಬಿಟ್ಟೆ.

ಆಗ ತಂಗಿಗೆ ಇನ್ನೂ ಮದುವೆಯಾಗಿರಲಿಲ್ಲ. ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು ಇತ್ತು. ಐದನೇ ತರಗತಿಗೆ ಶಾಲೆ ಬಿಡಿಸಿದ ಮೇಲೆ ನಾನು ಜೀನ್ಸ್ ಪ್ಯಾಂಟಿನ ಕೆಲಸಕ್ಕೆ ಕುಳಿತವಳು. ಮೊದಲು ದಾರ ಕತ್ತರಿಸುತ್ತಿದ್ದೆ, ಆಮೇಲೆ ಜೇಬು ಹೊಲಿದೆ, ಆಮೇಲೆ ಇಡೀ ಪ್ಯಾಂಟು. ತಂಗಿ ನನಗಿಂತ ಆರು ವರ್ಷ ಚಿಕ್ಕವಳು, ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದಳು. ಅಪ್ಪ ಗುಮ್ಮಘಟ್ಟದ ಕಡೆ ಕುರಿ ಮೇಯಿಸಿಕೊಂಡು ಇರುತ್ತಿದ್ದ, ಮನೆಗೆ ಬರುವುದು ಅಪರೂಪ.

ನನ್ನ ತಂಗಿಯ ಕೈಗುಣ ಒಳ್ಳೆಯದು ಎಂದು ಓಣಿಗೆಲ್ಲ ನಂಬಿಕೆ. ಅವಳು ಏಳು ವರ್ಷದವಳಿದ್ದಾಗ ಎದುರುಮನೆಯ ದೊಡ್ಡವ್ವನ ಕೋಳಿಯ ಕೆಳಗೆ ಆಟಕ್ಕೆಂದು ಮೊಟ್ಟೆ ಇಟ್ಟಿದ್ದಳು. ಒಂದೂ ಕೆಡದೆ ಎಲ್ಲ ಮರಿಯಾದವು. ಅಂದಿನಿಂದ ಯಾರ ಮನೆಯ ಕೋಳಿ ಕಾವಿಗೆ ಕೂತರೂ ಮೊಟ್ಟೆ ಇಡಲು ಅವಳೇ ಆಗಬೇಕು. ಅವರೆ, ಸೋರೆ ಬೀಜ ಹಾಕುವುದಕ್ಕೂ ಅವಳೇ.

ಒಂದು ಮಧ್ಯಾಹ್ನ ದೊಡ್ಡವ್ವ ಬಾಗಿಲಿಗೆ ಬಂದು ಅವ್ವನನ್ನು ಕೇಳಿದಳು. "ಸಣ್ಣಾಕಿ ಎಲ್ಲಿ ಹೋಗ್ಯಾಳ್ರಿ? ಕೋಳಿ ಬುಟ್ಟಿ ಬಿಟ್ಟು ಏಳವಲ್ದು. ಬಂದು ತತ್ತಿ ಇಟ್ಟು ಹೋಗ್ಲಿ."

"ಕಾಲೇಜಿಗೆ ಹೋಗ್ಯಾಳ. ದೊಡ್ಡಾಕಿ ಅದಾಳಲ್ಲ, ಕಳಸ್ಲೇನು?" ಎಂದಳು ಅವ್ವ.

"ಬ್ಯಾಡ ಬಿಡ್ರಿ, ಸಂಜಿ ಮುಂದ ಅಕೀನೇ ಬರ್ಲಿ. ಇಕೀದು ಮಷೀನಿನ ಕೈ!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಅವತ್ತು ಒಂದು ಪ್ಯಾಂಟಿನ ಜೇಬನ್ನು ಒಳಹೊರಗು ಮಾಡಿ ಹೊಲಿದುಬಿಟ್ಟೆ, ಎಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ನಾಯಿಮರಿ ತಂದದ್ದು ಆ ಸಿಟ್ಟಿಗೇ ಇರಬೇಕು. ಮಡಕಶಿರದ ಚಿಕ್ಕಮ್ಮನ ಮನೆಗೆ ಹೋದಾಗ ಅಲ್ಲಿಯ ನಾಯಿ ಮರಿ ಹಾಕಿ ತಿಂಗಳು ದಾಟಿತ್ತು. ಕಂದು ಬಣ್ಣದ, ಮೂಗಿನ ಮೇಲೆ ಬಿಳಿ ಪಟ್ಟೆ ಇದ್ದ ಒಂದನ್ನು ನಾನೇ ಆರಿಸಿಕೊಂಡೆ. ನನ್ನ ಕೈಯಲ್ಲೂ ಒಂದು ಜೀವ ಬೆಳೆಯುತ್ತದೆ ಎಂದು ಓಣಿಗೆ ತೋರಿಸಬೇಕಿತ್ತು. ಚೀಲದಲ್ಲಿ ಬಟ್ಟೆಯ ಚೂರು ಹಾಸಿ, ಮರಿಯನ್ನು ಅದರಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಚೀಲದ ಬಾಯಿಂದ ತಲೆ ಹೊರಗೆ ಬಂದದ್ದನ್ನು ನೋಡಿ ಕಂಡಕ್ಟರು "ದೀನಿಕಿ ಹಾಫ್ ಟಿಕೆಟ್ಟಾ, ಫುಲ್ ಟಿಕೆಟ್ಟಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಇಡೀ ಬಸ್ಸು ನಕ್ಕಿತು. ಕಲ್ಯಾಣದುರ್ಗ ಬರುವಷ್ಟರಲ್ಲಿ ಮರಿ ನನ್ನ ಸೀರೆಯ ಮೇಲೆ ಎರಡು ಸಲ ಕಕ್ಕಿತು. ನನಗೆ ಬೇಸರವೇ ಆಗಲಿಲ್ಲ.

ಮನೆಗೆ ಬಂದ ಮರಿಗೆ ನಾನು ಎಮ್ಮೆಯ ಗಟ್ಟಿ ಹಾಲು ಕುಡಿಸಿದೆ. ಪ್ರೀತಿಯಿಂದಲೇ ಕುಡಿಸಿದ್ದು. ಮರುದಿನ ಅದಕ್ಕೆ ಭೇದಿ. ಮಷೀನಿನ ಕೆಳಗೆ ಬಟ್ಟೆ ಚೂರಿನ ರಾಶಿಯಲ್ಲಿ ಮಲಗಿಸಿದೆ. ಮಷೀನು ಶುರು ಮಾಡಿದ ಕೂಡಲೇ ಅದು ಬೆಚ್ಚಿಬಿದ್ದು ಓಡಿಹೋಗಿ ಒಳಕೋಣೆಯಲ್ಲಿ ಓದುತ್ತಿದ್ದ ತಂಗಿಯ ಲಂಗದೊಳಗೆ ಸೇರಿಕೊಂಡಿತು.

ತಂಗಿ ಎಮ್ಮೆಯ ಹಾಲು ನಿಲ್ಲಿಸಿದಳು. ಆಡಿನ ಹಾಲಿಗೆ ಅರ್ಧ ನೀರು ಬೆರೆಸಿ ಕಾಯಿಸಿ, ಬೆರಳು ಅದ್ದಿ ನೆಕ್ಕಿಸಿದಳು. ಆಮೇಲೆ ತೆಳ್ಳಗಿನ ರಾಗಿ ಗಂಜಿ, ಅದೂ ಆರಿಸಿ, ದಿನಕ್ಕೆ ನಾಲ್ಕು ಸಲ, ಸ್ವಲ್ಪಸ್ವಲ್ಪ. ಉಂಡ ಕೂಡಲೇ ಎತ್ತಿಕೊಂಡು ಹೋಗಿ ಹಿತ್ತಲಿನ ಒಂದೇ ಮೂಲೆಯಲ್ಲಿ ಬಿಡುತ್ತಿದ್ದಳು. ವಾರದೊಳಗೆ ಅದು ತಾನಾಗಿಯೇ ಆ ಮೂಲೆಗೆ ಹೋಗಲು ಕಲಿಯಿತು. ಕಿವಿಯೊಳಗಿನ ಉಣ್ಣಿ ಒಂದೊಂದಾಗಿ ಕಿತ್ತು, ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ, ಬೆಳಗಿನ ಬಿಸಿಲಿಗೆ ಗೋಣಿಚೀಲದ ಮೇಲೆ ಬಿಡುತ್ತಿದ್ದಳು. ಎಲ್ಲ ಮುಗಿಸಿಕೊಂಡು ಕಾಲೇಜಿಗೆ ಓಡುತ್ತಿದ್ದಳು.

"ಮರಿ ತಂದಾಕಿ ನಾನು" ಎಂದೆ ಒಂದು ದಿನ.

"ಅದನ್ನ ಅದಕ್ಕ ಹೇಳಕ್ಕಾ, ನನಗ್ಯಾಕ ಹೇಳ್ತಿ?" ಎಂದು ನಕ್ಕಳು.

ಅವಳಿಲ್ಲದ ಹೊತ್ತಿನಲ್ಲಿ ನಾನು ಬಿಸ್ಕತ್ತಿನ ಆಸೆ ತೋರಿಸಿ ಕರೆಯುತ್ತಿದ್ದೆ. ಬರುತ್ತಿತ್ತು. ನನ್ನ ಕೈಯಿಂದ ಬಿಸ್ಕತ್ತು ತೆಗೆದುಕೊಂಡು, ಬಾಯಲ್ಲಿ ಕಚ್ಚಿಕೊಂಡು, ಬಾಗಿಲ ಬಳಿ ಇರುತ್ತಿದ್ದ ತಂಗಿಯ ಹಳೆಯ ಚಪ್ಪಲಿಯ ಹತ್ತಿರ ಹೋಗಿ ಕೂತು ತಿನ್ನುತ್ತಿತ್ತು. ಅದನ್ನು ನೋಡುತ್ತ ನಾನು ಪ್ಯಾಂಟು ಹೊಲಿಯುತ್ತಿದ್ದೆ. ಸಂಜೆ ನಾಲ್ಕಕ್ಕೆ ಅವಳ ಹೆಜ್ಜೆಯ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಮೈಯೆಲ್ಲ ಬಾಲವಾಗುತ್ತಿತ್ತು. ಅವ್ವ ಅದನ್ನು ನೋಡಿ "ಅಕೀ ಕೈಗುಣ ನೋಡು" ಎನ್ನುತ್ತಿದ್ದಳು. ಒಂದು ನಾಯಿಮರಿಯ ವಿಷಯದಲ್ಲಿ ಬೆಳೆದ ಹೆಂಗಸಿಗೆ ಅಷ್ಟು ಹೊಟ್ಟೆಕಿಚ್ಚು ಆಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ನನಗೆ ಆಯಿತು. ಊಟ ಸೇರದಷ್ಟು ಆಯಿತು.

ಮರಿಗಳಿಗೆ ಬರುವ ರಕ್ತಭೇದಿ ತಡೆಯುವ ಮೊದಲನೇ ಸೂಜಿಗೆ ಇಬ್ಬರೂ ಹೋಗಿದ್ದೆವು. ಮೂರು ವಾರದ ಮೇಲೆ ಎರಡನೆಯದು ತಪ್ಪಿಸಬಾರದು ಎಂದು ಡಾಕ್ಟರು ಚೀಟಿಯಲ್ಲಿ ತಾರೀಖು ಬರೆದುಕೊಟ್ಟರು. ಆ ದಿನ ಬಂದಾಗ ತಂಗಿಗೆ ಪರೀಕ್ಷೆ. "ಅಕ್ಕಾ, ಇದೊಂದು ಸಲ ನೀನು ಕರ್ಕೊಂಡು ಹೋಗ, ಮರೀಬ್ಯಾಡ" ಎಂದು ಮೂರು ಸಲ ಹೇಳಿ ಹೋದಳು.

ದನದ ಆಸ್ಪತ್ರೆಯ ಮುಂದೆ ಎಮ್ಮೆ, ಆಡು ಹಿಡಿದುಕೊಂಡು ಹತ್ತು ಮಂದಿ ನಿಂತಿದ್ದರು. ಮರಿ ದಾರಿಯುದ್ದಕ್ಕೂ ಚೀಲದಲ್ಲಿ ಕುಂಯ್‌ಗುಟ್ಟುತ್ತಲೇ ಇತ್ತು. ಗೇಟಿನ ಹತ್ತಿರ ನಾಲ್ಕೈದು ಹುಡುಗಿಯರು ಹಾದುಹೋದರು, ತಂಗಿಯ ಕಾಲೇಜಿನದೇ ಬಟ್ಟೆ. ಮರಿ ಚೀಲದಿಂದ ಹಾರಿ ಅವರ ಹಿಂದೆ ಓಡಿತು. ಒಬ್ಬೊಬ್ಬರ ಪಾದವನ್ನೂ ಮೂಸಿ ನೋಡಿತು. ಯಾವುದೂ ತನ್ನವಳದಲ್ಲ ಎಂದು ತಿಳಿದ ಮೇಲೆ ರಸ್ತೆಯಲ್ಲೇ ಕೂತಿತು. ನಾನು ಕರೆದೆ. ನನ್ನ ಕಡೆ ನೋಡಿತು, ಬರಲಿಲ್ಲ. ಒಬ್ಬ ಹುಡುಗಿ ಎತ್ತಿಕೊಂಡು ಬಂದು ಕೊಟ್ಟಳು.

"ನಿಮ್ಮ ಮರೀನೇನ್ರಿ? ಕರದ್ರ ಬರವಲ್ದಲ್ರೀ!"

"ನಂದಲ್ಲ, ನಮ್ಮ ತಂಗೀದು" ಎಂದೆ.

ಆ ಮಾತು ಬಾಯಿಂದ ಬಂದ ಮೇಲೆ ಆ ಸಾಲಿನಲ್ಲಿ ನಿಲ್ಲಲು ಕಾಲು ಒಪ್ಪಲಿಲ್ಲ. ಅವಳದ್ದಾದರೆ ಅವಳೇ ಬಂದು ಹಾಕಿಸಲಿ ಎಂದುಕೊಂಡು ತಿರುಗಿದೆ.

ಸಂಜೆ ತಂಗಿ ಪುಸ್ತಕ ಕೆಳಗಿಡುವ ಮೊದಲೇ ಕೇಳಿದಳು. "ಸೂಜಿ ಹಾಕ್ಸಿದೇನಕ್ಕಾ? ಅತ್ತಿತೇನು?"

"ಸ್ವಲ್ಪ ಅತ್ತಿತು."

"ಎಲ್ಲಿ ಚುಚ್ಚಿದ್ರು, ಇಲ್ಲೇನು?" ಎಂದು ಅದರ ತೊಡೆ ಮುಟ್ಟಿದಳು.

"ಹೂಂ, ಅಲ್ಲೇ."

ಸೂಜಿಯೇ ತಾಗದ ಆ ಜಾಗಕ್ಕೆ ಅವಳು ಉಫ್ ಉಫ್ ಎಂದು ಊದುತ್ತ ಕೂತಳು. ಚೀಟಿ ನೋಡಲಿಲ್ಲ. ಅಕ್ಕ ಹೇಳಿದ ಮೇಲೆ ಚೀಟಿ ಯಾಕೆ? ನಾನೂ ಸೋಮವಾರ ಹೋಗಿ ಸುಮ್ಮನೆ ಹಾಕಿಸಿಕೊಂಡು ಬರೋಣ ಎಂದುಕೊಂಡಿದ್ದೆ. ಸೋಮವಾರ ಹೊಲಿಯಲು ಪ್ಯಾಂಟಿನ ಗಂಟು ಬಂತು. ಮತ್ತೊಂದು ಸೋಮವಾರವೂ ಹೋಯಿತು.

ಆ ವಾರದಲ್ಲೇ ಮರಿ ಊಟ ಬಿಟ್ಟಿತು. ಕಕ್ಕಿತು. ಮರುದಿನ ಭೇದಿಯಲ್ಲಿ ರಕ್ತ ಬಂತು. ಇಬ್ಬರೂ ಆಟೋದಲ್ಲಿ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, "ರೆಂಡೋ ಇಂಜೆಕ್ಷನ್ ವೇಯಿಂಚಾರಾ?" ಎಂದು ಕೇಳಿದರು.

"ಹೌದ್ರಿ ಸಾರ್, ಎರಡನೇದೂ ಆಗೇತಿ. ನಮ್ಮಕ್ಕನೇ ಬಂದು ಹಾಕ್ಸಿದ್ಲು" ಎಂದಳು ತಂಗಿ.

ಡಾಕ್ಟರು ನನ್ನ ಮುಖ ನೋಡಿದರು. ಚೀಟಿ ಮನೆಯಲ್ಲಿ ಮರೆತೆ ಎಂದೆ. ಅದು ನನ್ನ ಕೈಚೀಲದಲ್ಲೇ ಇತ್ತು. ಹಾಗಾದರೆ ಏನು ತಿನ್ನಿಸಿದಿರಿ ಎಂದು ಅವರು ಕೇಳಿದರು. ಮೊನ್ನೆ ಅರ್ಧ ಬೇಯಿಸಿದ ಮೊಟ್ಟೆ ಹಾಕಿದ್ದೆ ಎಂದಳು ತಂಗಿ. ಸಣ್ಣ ಮರಿ, ಹೊಟ್ಟೆ ತಡೆಯದೇ ಇದ್ದರೂ ಇರಬಹುದು, ಏನೇ ಇರಲಿ ಎಂದು ಡಾಕ್ಟರು ಸಲೈನ್ ಹಾಕಿದರು. ಮೂರನೇ ದಿನ ಮರಿ ಅವಳ ಮಡಿಲಲ್ಲೇ ಹೋಯಿತು.

"ತತ್ತಿ ತಿನ್ನಸಬಾರದಾಗಿತ್ತವಾ. ನಿನ್ನ ಕೈಗೆ ಏನಾತೇ?" ಎಂದಳು ಅವ್ವ. ಬೈದದ್ದಲ್ಲ, ಸಂಕಟದಿಂದ ಅಂದದ್ದು. ಬೈದಿದ್ದರೆ ವಾಸಿಯಿತ್ತು. ಆಗ ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಮುಂದಿನದ್ದು ಬರೆಯಲು ಹೆಚ್ಚು ನಾಚಿಕೆಯಾಗುತ್ತದೆ. ತಿಂಗಳ ಮೇಲೆ ದೊಡ್ಡವ್ವನ ಕೋಳಿ ಮತ್ತೆ ಕಾವಿಗೆ ಕೂತಿತು. ಅವಳು ಕರೆಯಲು ಬಂದಾಗ ತಂಗಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನನ್ನ ಕೈ ಬ್ಯಾಡ ದೊಡ್ಡವ್ವಾ" ಎಂದಳು. ದೊಡ್ಡವ್ವ ಒತ್ತಾಯ ಮಾಡಲಿಲ್ಲ. ನನ್ನ ಕಡೆ ತಿರುಗಿ, "ಹಂಗಾರ ನೀನರ ಬಾ" ಎಂದಳು. ನಾನು ಕೈ ತೊಳೆದುಕೊಂಡು ಹೋದೆ. ಎಲ್ಲ ಮರಿಯಾದವು. ನನಗೆ ಸಂತೋಷವಾಯಿತು. ಆಮೇಲೆ ಬೇರೆ ಮನೆಯವರೂ ನನ್ನನ್ನೇ ಕರೆದರು, ಕರೆದಲ್ಲೆಲ್ಲ ಹೋದೆ. ನಾನು ಹೋಗುವಾಗ ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅವಳ ಮದುವೆ ಮಡಕಶಿರಕ್ಕೇ ಆಯಿತು, ಚಿಕ್ಕಮ್ಮನ ಕಡೆಯ ಸಂಬಂಧ. ಈಗ ಇಬ್ಬರು ಹೆಣ್ಣುಮಕ್ಕಳು. ಅಲ್ಲಿಗೆ ಹೋದ ಮೇಲೆ ಅವಳ ಮಾತೂ ಅಲ್ಲಿಯದೇ ಆಗಿದೆ. ಈ ಬೇಸಿಗೆಯಲ್ಲಿ ನಾನು ಹೋದಾಗ ಮಕ್ಕಳು ಮೋರಿಯ ಹತ್ತಿರ ಸಿಕ್ಕಿದ ಒಂದು ಮರಿಯನ್ನು ಮನೆಗೆ ತಂದಿದ್ದರು. ಕಣ್ಣು ಬಿಟ್ಟು ಹೆಚ್ಚು ದಿನವಾಗಿರಲಿಲ್ಲ. ಹುಡುಗಿಯರು ಚಮಚದಿಂದ ಹಾಲು ಸುರಿದರೆ ಅದು ಮೂಗಿಗೆ ಹೋಗಿ ಕೆಮ್ಮುತ್ತಿತ್ತು. ತಂಗಿ ನಾಲ್ಕು ಹೆಜ್ಜೆ ದೂರ ನಿಂತು ಹೇಳುತ್ತಿದ್ದಳು. "ಅಂಗಲ್ಲ ಕಣೆ, ತಲೆ ಮೇಲಕ್ ಎತ್ಬೇಡ. ಬೆರಳಲ್ಲಿ ನೆಕ್ಕಿಸು."

"ನಮ್ ಕೈಲಿ ಕುಡೀತಿಲ್ಲ. ನೀನೇ ಕುಡಿಸಮ್ಮ!" ಎಂದಳು ದೊಡ್ಡ ಹುಡುಗಿ.

"ನಾನ್ ಮುಟ್ಟಲ್ಲ ಅಂತ ಎಷ್ಟ್ ಸಲ ಹೇಳ್ಲಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕ, ನೀನೇ ಕುಡಿಸಕ್ಕ. ನಿನ್ ಕೈ ಒಳ್ಳೇದು. ನನ್ ಕೈಲಿ ಮರಿ ಉಳಿಯಲ್ಲ, ನಿಂಗೇ ಗೊತ್ತಲ್ಲ."

ಮರಿಯ ಹೊಟ್ಟೆ ಬೆನ್ನಿಗೆ ಅಂಟಿತ್ತು. ಅದನ್ನು ಬದುಕಿಸುವುದು ಹೇಗೆಂದು ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳೇ ದೂರ ನಿಂತಿದ್ದಳು.

ನಾನು ಹುಡುಗಿಯ ಕೈಯಿಂದ ಹಾಲಿನ ಬಟ್ಟಲು ತೆಗೆದುಕೊಂಡು ಕೆಳಗಿಟ್ಟೆ. ಮಕ್ಕಳ ಎದುರಿಗೇ ಹೇಳಿದೆ. "ಉಳೀತದ. ನಿನ್ನ ಕೈಲಿ ಯಾವ ಮರೀನೂ ಸತ್ತಿಲ್ಲ. ಅವತ್ತು ನಾನು ಸೂಜಿ ಹಾಕ್ಸಲಿಲ್ಲ. ಗೇಟಿನ ತನಕ ಹೋಗಿ ವಾಪಸ್ ಬಂದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರೆ?" ಎಂದಳು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಯಾಕಕ್ಕ?" ಎಂದಳು.

"ಅದು ನಿನ್ನ ಹಿಂದ ಹೋಗ್ತಿತ್ತು, ನನ್ನ ಹಿಂದ ಬರ್ತಿರಲಿಲ್ಲ. ಅದಕ್ಕ. ಬ್ಯಾರೆ ಏನೂ ಇಲ್ಲ. ನಿನ್ನ ತತ್ತೀದೂ ತಪ್ಪಿಲ್ಲ, ನಿನ್ನ ಕೈದೂ ತಪ್ಪಿಲ್ಲ. ಎಲ್ಲಾ ಗೊತ್ತಿದ್ದೂ ಒಂಬತ್ತು ವರ್ಷ ಬಾಯಿ ಮುಚ್ಕೊಂಡೆ, ನಿನ್ನ ಹೆಸರು ಹೋತಲ್ಲ ಅಂತ ಒಳಗೊಳಗ ಹಿಗ್ಗಿದೆ. ತಪ್ಪಾತವಾ. ನಂದು ದೊಡ್ಡ ತಪ್ಪಾತು."