ಗೋದಲಿಗೆ ಕಡಿದ ಮರ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಅರಬ್ ನಾಡಿನ ವಾದಿ ಅದಾಯ್‌ನ ಒಂದು ಸರ್ವೇ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಒಳನಾಡಿನ ಎತ್ತರದ ಬೆಟ್ಟದ ಮೇಲೆ ಜುನಿಪರ್ ಮರಗಳ ಕಾಡಿದೆ, ಅದನ್ನು ರಕ್ಷಿತ ಪ್ರದೇಶ ಮಾಡಬೇಕೋ ಬೇಡವೋ ನೋಡಿ ಬನ್ನಿ ಎಂದು ಸರಕಾರ ನಮ್ಮ ಕಂಪನಿಗೆ ಹೇಳಿತ್ತು. ಬ್ರಿಟಿಷ್ ತಜ್ಞರೊಬ್ಬರ ಜೊತೆ ನನ್ನನ್ನೂ ನನ್ನ ಟೈಪ್‌ರೈಟರನ್ನೂ ಜೀಪಿಗೆ ಹಾಕಿ ಕಳಿಸಿದರು. ಡ್ರೈವರ್ ಪುತ್ತೂರು ಕಡೆಯ ಬ್ಯಾರಿ. ಬೆಟ್ಟ ಹತ್ತುವಾಗ ನಾನು ಕಣ್ಣು ಮುಚ್ಚಿ ಜಪಸರ ಹಿಡಿದು ಕೂತದ್ದನ್ನು ಅವನು ಆಮೇಲೆ ನಾವು ವಾಸವಿದ್ದ ರೂವಿಯಲ್ಲೆಲ್ಲ ಹೇಳಿ ನಗಾಡಿದ.

ಅದು ನಮ್ಮ ಕಣ್ಣಿಗೆ ಕಾಡೇ ಅಲ್ಲ. ಕಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ತಿರುಚಿದ ಮುದಿಮರ. ಇದಕ್ಕೆ ಇಷ್ಟೆಲ್ಲ ಗಲಾಟೆಯೇ ಎಂದು ಮೂಗು ಮುರಿದೆ. ಅಲ್ಲೇ ಕಲ್ಲಿನ ಮನೆ ಕಟ್ಟಿ ಆಡು ಸಾಕಿಕೊಂಡಿದ್ದ ಮುದುಕರೊಬ್ಬರು ನಮಗೆ ದಾರಿ ತೋರಿಸಿ, ತಮ್ಮ ಮನೆಯಲ್ಲೇ ಊಟ ಹಾಕುತ್ತಿದ್ದರು. ಒಂದೊಂದು ಮರವೂ ಅವರಿಗೆ ಗೊತ್ತು. ಕಾಡಿಗೆ ರಕ್ಷಣೆ ಬಂದರೆ ನಿಮ್ಮನ್ನೇ ಕಾವಲಿಗೆ ಇಡಲು ಬರೆಯುತ್ತೇನೆ ಎಂದು ತಜ್ಞರು ಮಾತು ಕೊಟ್ಟರು. ಆ ದಿನ ಮುದುಕರು ಎರಡು ಸಲ ಗಡ್ಡ ಬಾಚಿಕೊಂಡರು.

ಆಗ ಡಿಸೆಂಬರ್. ಈಸಾ ಹುಟ್ಟಿದ ಹಬ್ಬ ಬರುತ್ತಿದೆ, ಮನೆಯಲ್ಲಿ ಪುಟ್ಟ ಮಗಳು ಕಾಯುತ್ತಿದ್ದಾಳೆ ಎಂದು ನನ್ನ ಹರಕು ಅರಬಿಯಲ್ಲಿ ಅವರಿಗೆ ಹೇಳಿದ್ದೆ. ತಜ್ಞರು ಇನ್ನೆರಡು ದಿನ ಉಳಿಯುವವರಿದ್ದರು. ನಾನೂ ಡ್ರೈವರೂ ಮೊದಲು ಹೊರಟೆವು. ಮುದುಕರು ಮಗಳಿಗೆಂದು ಒಂದು ಚೀಲ ಅಕ್ರೋಟು ಕೊಟ್ಟರು.

ಆ ಚೀಲವನ್ನು ಕಾಲಬುಡದಲ್ಲಿ ಇಟ್ಟುಕೊಂಡೇ ನಾನು ಆ ಕೆಲಸ ಮಾಡಿದೆ. ರೂವಿಯಲ್ಲಿ ನಮ್ಮ ಕ್ರೈಸ್ತರೆಲ್ಲ ಹಬ್ಬಕ್ಕೆ ಕೊಟ್ಟಿಗೆ, ಬೊಂಬೆ ಜೋಡಿಸಿದ ಗೋದಲಿಯ ಪಕ್ಕ ಪ್ಲಾಸ್ಟಿಕ್ ಮರ ಇಡುತ್ತಿದ್ದರು. ನಿಜವಾದ ಮರ ತಂದವನೆಂದು ಒಮ್ಮೆ ಮೆರೆಯಬೇಕೆಂಬ ಚಪಲ ನನಗೆ. ಮುದುಕರ ಮನೆಯ ಕೆಳಗಿನ ತಿರುವಿನಲ್ಲಿ ಸೊಂಟದೆತ್ತರದ ಎಳೆಮರವೊಂದು ಕಂಡಿತು. ಡೇರೆಯ ಗೂಟ ಕತ್ತರಿಸುವ ಗರಗಸ ಜೀಪಿನಲ್ಲೇ ಇತ್ತು. ಡ್ರೈವರ್ ಬೇಡವೆಂದ. ಎರಡು ನಿಮಿಷದ ಕೆಲಸ ಎಂದು ಅವನ ಬಾಯಿ ಮುಚ್ಚಿಸಿದೆ.

ಹಬ್ಬಕ್ಕೆ ಬಂದವರೆಲ್ಲ ಮರವನ್ನು ಮುಟ್ಟಿ, ಮೂಸಿ ಹೊಗಳಿದರು. ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ನಾನು ಬೀಗುತ್ತಾ ಓಡಾಡಿದೆ.

ಜನವರಿಯಲ್ಲಿ ತಜ್ಞರ ಕೈಬರಹದ ವರದಿ ನನ್ನ ಮೇಜಿಗೆ ಬಂತು. ಆ ಇಳಿಜಾರಿನಲ್ಲಿ ಎಳೆಮರ ಸಿಗುವುದೇ ಅಪರೂಪ, ಸೊಂಟದೆತ್ತರ ಬೆಳೆಯಲು ಹತ್ತಾರು ವರ್ಷ ಬೇಕು, ಅಂಥದ್ದೊಂದನ್ನು ದಾರಿ ತೋರಿಸಿದವನ ಮನೆಯ ಹತ್ತಿರವೇ ಈಚೆಗೆ ಕಡಿದಿದ್ದಾರೆ, ಯಾರೆಂದು ಕೇಳಿದರೆ ಅವನು ಹೇಳುವುದಿಲ್ಲ ಎಂದು ಅದರಲ್ಲಿತ್ತು. ಕಾಡನ್ನು ರಕ್ಷಿಸಲೇಬೇಕು, ಆದರೆ ಕಾವಲಿಗೆ ಅಲ್ಲಿಯವರು ಬೇಡ, ಹೊರಗಿನವರನ್ನು ನೇಮಿಸಿ ಎಂದು ಬರೆದಿದ್ದರು. ನೇರ ಡ್ರೈವರ್ ಹತ್ತಿರ ಹೋದೆ.

"ಹೇಳ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ," ಎಂದ. "ವೀಸಾ ಕೊಟ್ಟ ಕಫೀಲಿಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಊರಿಗೆ ಕಳಿಸ್ತಾನೆ. ಖಲಾಸ್."

ಅವನ ಮೇಲೆ ತಪ್ಪು ಹೊರಿಸಲಾರೆ. ಅವನು ಹಾಗೆ ಹೇಳಲಿ ಎಂದೇ ನಾನು ಹೋಗಿದ್ದು. ಆ ಪುಟವನ್ನು ಕಾರ್ಬನ್ ಇಟ್ಟು, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ. ನೀಟಾಗಿದೆ ಎಂದು ತಜ್ಞರು ಮೆಚ್ಚಿದರು. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಕಾಡಿಗೆ ರಕ್ಷಣೆ ಸಿಕ್ಕಿತು. ಕೆಲವು ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ, ಕಂಪನಿಯ ಕೆಲಸಕ್ಕೆಂದು ಮತ್ತೆ ಹೋದೆ. ದಾರಿಗೆ ಅಡ್ಡ ಗೇಟು, ಬೋರ್ಡು, ಕೆಳಗಿನ ಪಟ್ಟಣದಿಂದ ಬಂದ ಕಾವಲುಗಾರ. ಮುದುಕರ ಆಡುಗಳು ಈಗ ಒಳಗೆ ಹೋಗುವಂತಿರಲಿಲ್ಲ. ಅವರು ಗೇಟಿನ ಹೊರಗೆ ತಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ನನ್ನ ಗುರುತು ಹಿಡಿದು, ಕೈಹಿಡಿದು ಕೂರಿಸಿ ಬಟ್ಟಲಲ್ಲಿ ಕಹ್ವಾ ಕಾಫಿ ಕೊಟ್ಟರು. ಈ ಸಲ ಹೇಳಿಯೇ ಬಿಡಬೇಕೆಂದು ನಾನು ದಾರಿಯುದ್ದಕ್ಕೂ ಅರಬಿ ಪದಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವರೇ ಮೊದಲು ಕೇಳಿದರು.

"ಆ ಮರ ನಿನ್ನ ಮಗಳಿಗೆ ಇಷ್ಟವಾಯಿತಾ?"

ಅಂದು ಅವರು ಮನೆಯ ಮಾಳಿಗೆಯಿಂದ ಎಲ್ಲವನ್ನೂ ನೋಡಿದ್ದರು. ತಜ್ಞರು ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ. ನೀನು ನನ್ನ ಮನೆಯಲ್ಲಿ ಉಂಡವನು, ಅತಿಥಿಯನ್ನು ಹಿಡಿದುಕೊಡುವುದುಂಟೇ ಎಂದು ಅವರು ಮತ್ತೆ ಬಟ್ಟಲು ತುಂಬಿಸಿದರು.

ಮರ ಮಗಳಿಗೆ ತುಂಬಾ ಇಷ್ಟವಾಯಿತು ಎಂದೆ. ಅದೂ ಸುಳ್ಳು. ಮರ ಚುಚ್ಚುತ್ತದೆ ಎಂದು ಮಗಳು ಹಬ್ಬ ಮುಗಿಯುವವರೆಗೂ ಅದರ ಹತ್ತಿರ ಸುಳಿದಿರಲಿಲ್ಲ.